ಸ್ಪೇನಿನ ಚಳಿಗಾಲ: ನಕಾಶೆಗಿಂತ ಮೊದಲು ಪಂಚಾಂಗ



ಬರುವ ಚಳಿಗಾಲದಲ್ಲಿ ನಾನೂ ನನ್ನ ಪತ್ನಿಯೂ ಸ್ಪೇನಿಗೆ ಹೋಗಲು ಸಿದ್ಧತೆ ನಡೆಸಿದ್ದೇವೆ. ಅದಕ್ಕಾಗಿ ಓದಿ ತಿಳಿದದ್ದನ್ನು ತಮ್ಮ ಮುಂದಿಡಬೇಕೆಂದು ಕಾರ್ಯಕಾರಿ ಸಮಿತಿ ಅಪ್ಪಣೆ ಮಾಡಿದೆ. ನನ್ನ ಸೂಚನೆ ಒಂದೇ. ಏಳು ದಿನಗಳಲ್ಲಿ ಎಂಟು ಅರಮನೆಗಳನ್ನು ತೋರಿಸುವ ಯೋಜನೆಗಳನ್ನು ಬದಿಗಿಡಿ. ಆ ನಾಡಿನ ಪಂಚಾಂಗವನ್ನು ಮೊದಲು ಓದಿ, ನಕಾಶೆಯನ್ನು ಆಮೇಲೆ ಬಿಡಿಸಿ. ಸರ್ಕಾರಿ ಚರಿತ್ರೆ ಹೇಳದೆ ಬಿಟ್ಟ ಎಷ್ಟೋ ಸಂಗತಿಗಳು ಅಲ್ಲಿನ ಹಬ್ಬದ ಬೀದಿಯಲ್ಲಿ, ಅಡುಗೆಮನೆಯಲ್ಲಿ ಉಳಿದುಕೊಂಡಿವೆ.

ಹಬ್ಬದ ದಿನಗಳು ಆರಂಭವಾಗುವುದು ಡಿಸೆಂಬರ್ 22ರ ಲಾಟರಿಯಿಂದ. 1812ರಲ್ಲಿ ಕಾದಿಜ್ ನಗರದಲ್ಲಿ ಹುಟ್ಟಿದ ಈ ಲಾಟರಿಯ ಸಂಖ್ಯೆಗಳನ್ನು ಇಂದಿಗೂ ಮ್ಯಾಡ್ರಿಡ್‌ನ ಶಾಲಾ ಮಕ್ಕಳು ಹಾಡಿ ಘೋಷಿಸುತ್ತಾರೆ. 24ರ ಸಂಜೆ ಮಾತ್ರ ಊರಿಗೆ ಊರೇ ಮನೆಯೊಳಗೆ ಸೇರುತ್ತದೆ. ಅಂದಿನ ಊಟದ ವ್ಯವಸ್ಥೆಯನ್ನು ಪ್ರವಾಸಿಗಳು ಮುಂಚಿತವಾಗಿಯೇ ಮಾಡಿಕೊಳ್ಳಬೇಕು.

ಆ ಹೊತ್ತಿಗೆ ಬಾರ್ಸಿಲೋನಾದಲ್ಲಿರುವುದು ಉತ್ತಮ. ಅಲ್ಲಿನ ಮಹಾದೇವಾಲಯದ ಎದುರು 1786ರಿಂದ ನಡೆದುಬಂದಿರುವ ಸಂತ ಲೂಸಿಯಾ ಸಂತೆಯಲ್ಲಿ ಮುಖ ಬರೆದ ಮರದ ಕೊರಡುಗಳು ಮಾರಾಟಕ್ಕಿರುತ್ತವೆ. ಮಕ್ಕಳು ಆ ಕೊರಡಿಗೆ ಹಲವು ದಿನ ಉಣಬಡಿಸಿ, ಕಂಬಳಿ ಹೊದಿಸಿ, ಕೊನೆಗೆ ಕೋಲಿನಿಂದ ಬಡಿಯುತ್ತ ಕ್ಯಾಟಲಾನ್ ಭಾಷೆಯಲ್ಲಿ ಹಾಡುತ್ತಾರೆ. ಕಂಬಳಿ ಸರಿಸಿದರೆ ಸಿಹಿತಿಂಡಿ! ಇದು ಬರಿಯ ಆಟವಲ್ಲ. ಅಂತರ್ಯುದ್ಧ ಮುಗಿದ 1939ರಿಂದ 1975ರಲ್ಲಿ ಫ್ರಾಂಕೊ ತೀರಿಕೊಳ್ಳುವವರೆಗಿನ ಸರ್ವಾಧಿಕಾರದಲ್ಲಿ ಕ್ಯಾಟಲಾನ್ ಮತ್ತು ಬಾಸ್ಕ್ ಭಾಷೆಗಳಿಗೆ ಕಚೇರಿಯಲ್ಲಿ ಸ್ಥಾನವಿರಲಿಲ್ಲ. ಶಾಲೆಯ ಬಾಗಿಲೂ ಬಹುಕಾಲ ಮುಚ್ಚಿತ್ತು. ಶಾಲೆ ಕಲಿಸದ ನುಡಿಯನ್ನು ಮನೆಯ ಇಂಥ ಹಾಡುಗಳು ಮಕ್ಕಳ ನಾಲಗೆಯ ಮೇಲೆ ಉಳಿಸಿದವು. 1978ರ ಸಂವಿಧಾನ ಮತ್ತು 1979ರ ಸ್ವಾಯತ್ತತಾ ಶಾಸನಗಳ ಬಳಿಕ ಆಯಾ ಪ್ರಾಂತಗಳಲ್ಲಿ ಅವಕ್ಕೆ ಅಧಿಕೃತ ಸ್ಥಾನ ದೊರೆಯಿತು.

ಡಿಸೆಂಬರ್ 31ಕ್ಕೆ ಮ್ಯಾಡ್ರಿಡ್ ತಲುಪಬೇಕು. ಪುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರ ಮಧ್ಯರಾತ್ರಿ ಹನ್ನೆರಡು ಬಾರಿಸುವಾಗ ಪ್ರತಿ ಗಂಟೆಗೊಂದರಂತೆ 12 ದ್ರಾಕ್ಷಿ ತಿನ್ನುವುದು ಪದ್ಧತಿ. ಆಲಿಕಾಂತೆ ಪ್ರಾಂತದ ವಿನಾಲೋಪೋ ಕಣಿವೆಯ ರೈತರು ಬಳ್ಳಿಯಲ್ಲಿರುವ ಗೊಂಚಲಿಗೇ ಕಾಗದದ ಚೀಲ ಕಟ್ಟುತ್ತಾರೆ. ಹೀಗಾಗಿ ಹಣ್ಣು ನಿಧಾನವಾಗಿ ಮಾಗಿ ಡಿಸೆಂಬರಿನವರೆಗೂ ಹೊಸತಾಗಿ ಉಳಿಯುತ್ತದೆ. ಮ್ಯಾಡ್ರಿಡ್ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ, ಚಳಿ ಕಟುವಾದದ್ದು. ಉಣ್ಣೆಯ ಉಡುಪು ಬೇಕೇ ಬೇಕು.

ಜನವರಿ 2ರಂದು ಗ್ರನಾಡಾದಲ್ಲಿರಬೇಕೆಂಬುದು ನನ್ನ ವಿಶೇಷ ಆಸೆ. 1492ರ ಅದೇ ದಿನ ಅಲ್ಲಿನ ಕೊನೆಯ ಮುಸ್ಲಿಂ ದೊರೆ ಬೋಅಬ್ದಿಲ್, ಇಸಬೆಲ್ಲಾ ಮತ್ತು ಫರ್ಡಿನಾಂಡ್ ದಂಪತಿಗಳಿಗೆ ನಗರವನ್ನು ಒಪ್ಪಿಸಿದ. ಅದೇ ವರ್ಷ ಯೆಹೂದ್ಯರ ಉಚ್ಚಾಟನೆಯಾಯಿತು. ಮತಾಂತರಗೊಂಡ ಮುಸ್ಲಿಮರ ವಂಶಜರನ್ನು 1609ರಿಂದ 1614ರ ನಡುವೆ ಹೊರಗಟ್ಟಲಾಯಿತು. ಇಂದಿಗೂ ಆ ದಿನ ನಗರಸಭೆಯ ಉಪ್ಪರಿಗೆಯಿಂದ ವಿಜಯಧ್ವಜ ಬೀಸುತ್ತಾರೆ. ಕೆಳಗೆ ನಿಂತವರಲ್ಲಿ ಜಯಘೋಷ ಮಾಡುವವರೂ ಇದ್ದಾರೆ, ಪ್ರತಿಭಟಿಸುವವರೂ ಇದ್ದಾರೆ. ಆದರೆ ಆ ದಿನಗಳಲ್ಲಿ ಎಲ್ಲರ ತಟ್ಟೆಯಲ್ಲೂ ಇರುವ ತುರೋನ್ ಎಂಬ ಬಾದಾಮಿ–ಜೇನಿನ ಮಿಠಾಯಿಯಲ್ಲಿ ಅರಬ್ ಪಾಕದ ನೆನಪಿದೆ. ಜನರನ್ನು ಹೊರಗಟ್ಟಿದವರಿಂದ ಅವರ ರುಚಿಯನ್ನು ಹೊರಗಟ್ಟಲು ಆಗಲಿಲ್ಲ.

ಜನವರಿ 5ರ ಸಂಜೆ ಸೆವಿಲ್ಲೆಯ ಬೀದಿಗಳಲ್ಲಿ ಪೂರ್ವದೇಶದ ಮೂವರು ರಾಜರ ಮೆರವಣಿಗೆ ಹೊರಡುತ್ತದೆ, ಮಕ್ಕಳತ್ತ ಮಿಠಾಯಿ ತೂರುತ್ತದೆ. ಮರುದಿನ ಉಂಗುರಾಕಾರದ ರೋಸ್ಕೋನ್ ರೊಟ್ಟಿಯನ್ನು ಹಂಚುತ್ತಾರೆ. ಯಾರ ತುಂಡಿನಲ್ಲಿ ಅವರೆಯಂಥ ಒಣಕಾಳು ಸಿಕ್ಕೀತೋ ಅವರೇ ಅದರ ಬೆಲೆ ತೆರಬೇಕು. ರಜೆ ಉಳಿದವರು ಉತ್ತರದ ಬಾಸ್ಕ್ ನಗರ ಸಾನ್ ಸೆಬಾಸ್ಟಿಯನ್‌ಗೆ ಹೋಗಬಹುದು. ಅಲ್ಲಿ ಜನವರಿ 20ರಂದು ಅಡಿಗೆಯವರ ಹಾಗೂ ಸೈನಿಕರ ವೇಷದವರು ಇಪ್ಪತ್ನಾಲ್ಕು ಗಂಟೆ ಸರದಿಯಲ್ಲಿ ನಗಾರಿ ಬಾರಿಸುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಮಾಂತೆಕಾದೋ, ಪೋಲ್ವೊರೋನ್ ಎಂಬ ಪುಡಿಪುಡಿ ಸಿಹಿಗಳಿಗೆ ರೂಢಿಯಲ್ಲಿ ಹಂದಿಯ ಕೊಬ್ಬು ಬಳಸುತ್ತಾರೆ. ಆಲಿವ್ ಎಣ್ಣೆಯವನ್ನು ಕೇಳಿ ಪಡೆಯಿರಿ. ತುರೋನಿನಲ್ಲಿ ಮೊಟ್ಟೆಯ ಬಿಳಿಭಾಗ, ರೋಸ್ಕೋನ್‌ನಲ್ಲಿ ಮೊಟ್ಟೆ ಇರುತ್ತದೆ. ಬೀದಿಬದಿಯ ಸುಟ್ಟ ಚೆಸ್ಟ್‌ನಟ್, ಕ್ಯಾಟಲೋನಿಯಾದಲ್ಲಿ ಕೆಂಡದ ಮೇಲೆ ಸುಟ್ಟು ಬಾದಾಮಿ ಗೊಜ್ಜಿನೊಡನೆ ತಿನ್ನುವ ಕಲ್ಸೋತ್ ಎಂಬ ಎಳೆಯ ಈರುಳ್ಳಿ ನಮಗೆ ಹಿಡಿಸೀತು. ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ನನ್ನಂಥ ನೌಕರರಿಗೆ ಇಲಾಖೆಯ ಅನುಮತಿಯೂ ಬೇಕು.

ಕೊನೆಯದಾಗಿ, ಶುಭಾಶಯವನ್ನು ಆಯಾ ಊರಿನ ನುಡಿಯಲ್ಲೇ ಹೇಳಿ: ಮ್ಯಾಡ್ರಿಡ್‌ನಲ್ಲಿ ‘ಫೆಲಿಸ್ ನವಿದಾದ್’, ಬಾರ್ಸಿಲೋನಾದಲ್ಲಿ ‘ಬೋನ್ ನದಾಲ್’, ಬಾಸ್ಕ್ ನಾಡಿನಲ್ಲಿ ‘ಎಗುಬೆರಿ ಓನ್’. ಹೊರನಾಡಿನ ನೆರೆಯವರು ಬಾಗಿಲಲ್ಲಿ ನಿಂತು ‘ಚೆನ್ನಾಗಿದ್ದೀರಾ?’ ಎಂದು ಕನ್ನಡದಲ್ಲಿ ಕೇಳಿದಾಗ ನಮಗೆ ಏನನಿಸುತ್ತದೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಆ ಸಂತೋಷವನ್ನು ಅವರಿಗೂ ಕೊಟ್ಟು ಬರೋಣ.