ಕಾಲಿನ ಸಿರೆಗಳು ಮತ್ತು ಪರ್ಫೊರೇಟರ್ ವಾದ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯ ವೈದ್ಯರು ‘ನರ ಉಬ್ಬಿದೆ’ ಎಂದು ಬಂದವರನ್ನು ಮೊದಲು ನಿಲ್ಲಿಸಿಯೇ ನೋಡುತ್ತಿದ್ದರಂತೆ. ಅದೇ ಸರಿಯಾದ ಕ್ರಮ. ಮಲಗಿಸಿದರೆ ಸಿರೆ ಬರಿದಾಗಿ ರೋಗ ಮರೆಯಾಗುತ್ತದೆ. 

ರಚನೆಯ ಪಾಠ ಯಾವ ಪಠ್ಯದಲ್ಲೂ ಸಿಗುತ್ತದೆ, ಬೇಗ ಮುಗಿಸುತ್ತೇನೆ. ಒಳಹರಡಿನ ಮುಂದಿನಿಂದ ತೊಡೆಸಂದಿಗೆ ಏರುವುದು ದೊಡ್ಡ ಸಫೀನಸ್. ಹೊರಹರಡಿನ ಹಿಂದಿನಿಂದ ಮೊಣಕಾಲ ಹಿಂಬದಿಗೆ ಏರುವುದು ಚಿಕ್ಕದು. ಸ್ನಾಯುಗಳ ನಡುವೆ ಆಳದ ಸಿರೆಗಳು. ಮೇಲಿನವನ್ನೂ ಆಳದವನ್ನೂ ಕೂಡಿಸುವವು ಪರ್ಫೊರೇಟರ್‌ಗಳು. ನಿಂತಾಗ ಹರಡಿನ ಬಳಿ ಸಿರೆಯ ಒತ್ತಡ ಸುಮಾರು 90 ಮಿ.ಮೀ. ಪಾದರಸ; ನಡೆಯುವಾಗ ಮೀನಖಂಡ ರಕ್ತವನ್ನು ಮೇಲಕ್ಕೆ ಹಿಂಡಿ ಅದನ್ನು 30ರ ಆಸುಪಾಸಿಗೆ ಇಳಿಸುತ್ತದೆ. ರಕ್ತ ಹಿಂದಿರುಗದಂತೆ ತಡೆಯುವ ಸಿರೆಯೊಳಗಿನ ಕವಾಟ ಸೋತರೆ ನಡೆದರೂ ಒತ್ತಡ ಇಳಿಯದು. ಚರ್ಮ ಕಪ್ಪಾಗಿ, ಗಟ್ಟಿಯಾಗಿ, ಕೊನೆಗೆ ಹುಣ್ಣಾಗುತ್ತದೆ. ದೊಡ್ಡಬಳ್ಳಾಪುರದ ಮಗ್ಗದವರಿಗೂ ಬಟ್ಟೆಯಂಗಡಿಯ ಹೆಣ್ಣುಮಕ್ಕಳಿಗೂ ನಿಂತೇ ದುಡಿಯುವ ಕಷ್ಟ ಗೊತ್ತು. ಅಂಗಡಿಯವರು ಕೆಲಸದವರಿಗೆ ಕೂರಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು.

ಇನ್ನು ನನ್ನ ಜಗಳ, ಹುಣ್ಣಿಗೆ ಪರ್ಫೊರೇಟರ್ ಕಾರಣ ಎಂಬ ವಾದದೊಡನೆ. 1938ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಲಿಂಟನ್ ಕಾಲನ್ನು ಉದ್ದಕ್ಕೆ ಸೀಳಿ ಪರ್ಫೊರೇಟರ್‌ಗಳನ್ನು ಕಟ್ಟಿದರು. 1953ರಲ್ಲಿ ಲಂಡನ್ನಿನ ಕಾಕೆಟ್ ಮತ್ತು ಜೋನ್ಸ್, ಮೀನಖಂಡ ಹಿಂಡಿದಾಗ ಸೋತ ಪರ್ಫೊರೇಟರ್ ಮೂಲಕ ಒತ್ತಡ ಹರಡಿನ ಚರ್ಮಕ್ಕೆ ಸಿಡಿಯುತ್ತದೆ, ಹುಣ್ಣಿಗೆ ಅದೇ ಕಾರಣ ಎಂದರು. ಪಠ್ಯಗಳು ಪಾದದಿಂದ ಇಷ್ಟಿಷ್ಟು ಸೆಂ.ಮೀ. ಎಂದು ಅವುಗಳ ಜಾಗವನ್ನೂ ಗೊತ್ತುಮಾಡಿದವು. ಶವಚ್ಛೇದನದ ಮೇಜಿನ ಮೇಲೆ ನಾನು ಕಂಡ ಕಾಲುಗಳು ಆ ಅಳತೆಗೆ ಬದ್ಧವಾಗಿರಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಬೇರೆ. ಕಾಕೆಟ್ ಹೆಸರಿನ ಈ ಪರ್ಫೊರೇಟರ್‌ಗಳು ಸಾಮಾನ್ಯವಾಗಿ ಸೇರುವುದು ಸಫೀನಸ್ಸನ್ನಲ್ಲ, ಅದರ ಹಿಂದಿನ ಕಮಾನು ಸಿರೆಯನ್ನು. ಹಾಗಾಗಿ ಸಫೀನಸ್ ತೆಗೆದರೂ ಇವು ಅಲ್ಲೇ ಉಳಿಯುತ್ತವೆ. ಉಳಿದವು ಸೋರುತ್ತಲೇ ಇರಬೇಕಿತ್ತಲ್ಲ? ಆದರೆ ಆಳದ ಸಿರೆ ಚೆನ್ನಾಗಿರುವವರಲ್ಲಿ, ಸಫೀನಸ್ ಒಂದನ್ನೇ ಮುಚ್ಚಿ ಮತ್ತೆ ರಕ್ತದ ಹರಿವು ತೋರುವ ಡಾಪ್ಲರ್ ಇಟ್ಟು ನೋಡಿದರೆ, ಅವುಗಳಲ್ಲಿ ಎಷ್ಟೋ ಸೋರುವುದನ್ನು ನಿಲ್ಲಿಸಿರುತ್ತವೆ. ಸೋತ ಸಫೀನಸ್ ಮೂಲಕ ಮೇಲಿನಿಂದ ಸುರಿದ ರಕ್ತದ ಭಾರಕ್ಕೆ ಹಿಗ್ಗಿದ್ದವನ್ನು ನಾವು ಅಪರಾಧಿ ಎಂದೆವು.

ಪ್ರಯೋಗಗಳೂ ಸಫೀನಸ್ ಕಡೆಗೇ ಬೆರಳು ತೋರುತ್ತವೆ. 2004ರ ‘ಎಸ್ಕಾರ್’ ಅಧ್ಯಯನದಲ್ಲಿ ಬಿಗಿಪಟ್ಟಿಯ ಜೊತೆ ಮೇಲಿನ ಸಿರೆಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ವರ್ಷದೊಳಗೆ ಹುಣ್ಣು ಮರುಕಳಿಸಿದ್ದು ಶೇ. 12, ಪಟ್ಟಿ ಮಾತ್ರ ಕಟ್ಟಿಸಿಕೊಂಡವರಲ್ಲಿ ಶೇ. 28. ಹುಣ್ಣು ಮಾಯುವ ವೇಗದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಪರ್ಫೊರೇಟರ್ ವಾದದವರು ಇದನ್ನೇ ಹಿಡಿದುಕೊಂಡರು. 2018ರ ‘ಇವ್ರಾ’ ಅಧ್ಯಯನ ಆ ಹಿಡಿತವನ್ನೂ ಬಿಡಿಸಿತು: ಹುಣ್ಣು ಮಾಯಲು ಬೇಗ ಸಿರೆ ಮುಚ್ಚಿಸಿಕೊಂಡವರಿಗೆ 56 ದಿನ, ತಡಮಾಡಿದವರಿಗೆ 82 ದಿನ.

‘ಹಾಗಾದರೆ ಮತ್ತೆ ಹುಣ್ಣಾದ ಕಾಲಿನಲ್ಲಿ ಪರ್ಫೊರೇಟರ್ ಅಷ್ಟು ದಪ್ಪವೇಕೆ?’ ಎಂದು ಕೇಳುವವರಿದ್ದಾರೆ. ಹಳೆಯ ಹೆಪ್ಪಿನಿಂದ ಆಳದ ಸಿರೆ ಕೆಟ್ಟಿದೆಯೇ ಎಂದು ಅವರು ನೋಡಿರುವುದಿಲ್ಲ. ಅಂಥ ಕಾಲಿನಲ್ಲಿ ರಕ್ತ ಹೊರಬರುವ ದಾರಿಯೇ ಆ ಪರ್ಫೊರೇಟರ್ ಆಗಿರಬಹುದು. ಮುಚ್ಚಿದರೆ ಬಾವು ಏರಬಹುದು. ಪರ್ಫೊರೇಟರ್ ಮುಚ್ಚಲು ಅಮೆರಿಕದ 2011ರ ಮಾರ್ಗಸೂಚಿ ಮೂರು ಲಕ್ಷಣ ಕೇಳುತ್ತದೆ: ಅಗಲ 3.5 ಮಿ.ಮೀ. ಅಥವಾ ಹೆಚ್ಚು, ಹೊರಮುಖ ಹರಿವು ಅರ್ಧ ಸೆಕೆಂಡಿಗೆ ಕಡಿಮೆಯಿಲ್ಲದ್ದು, ಮೇಲೆ ಹುಣ್ಣು ಅಥವಾ ಮಾಯ್ದ ಹುಣ್ಣಿನ ಗುರುತು. ಬರೀ ಉಬ್ಬಿದ ನರಕ್ಕೆ ಲೇಸರ್ ಹಿಡಿದು ಪರ್ಫೊರೇಟರ್ ಸುಡುವುದು ಬಿಲ್ ಬೆಳೆಸುವ ಕೆಲಸ. ಸೋಲದ ಸಫೀನಸ್ಸನ್ನಂತೂ ಮುಟ್ಟಲೇಬೇಡಿ, ಮುಂದೆ ಹೃದಯದ ಬೈಪಾಸ್‌ಗೆ ಬೇಕಾದೀತು. ಮೂರು ಲಕ್ಷಣವೂ ಕೂಡಿದ್ದರೆ ಪರ್ಫೊರೇಟರ್ ಮುಚ್ಚುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಆಳದ ಸಿರೆ ತೆರೆದಿದೆಯೆಂಬ ಸ್ಕ್ಯಾನ್ ವರದಿ ಕೈಗೆ ಬಂದಮೇಲೆ.