ಕೂಡಲಸಂಗಮವೂ ಅದರ ನದೀಸೀಮೆಯೂ



ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಸ್ಥಳವೇ ಕೂಡಲಸಂಗಮವೆಂಬುದು ಈ ನಾಡಿನ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಅಲ್ಲಿಗೆ ಹೋದ ಯಾತ್ರಿಕನು ಕಣ್ಣಾರೆ ಕಾಣುವ ನೀರು ಯಾವುದು, ಅದು ಏತಕ್ಕಾಗಿ ಅಲ್ಲಿ ನಿಂತಿರುತ್ತದೆ, ಎಂದು ವಿಚಾರಿಸುವವರು ವಿರಳ. ದರ್ಶನವಾಯಿತು, ಪ್ರಸಾದವಾಯಿತು, ಬಂದ ಗಾಡಿಯಲ್ಲಿಯೇ ಮರಳಿದರು. ಬಹುಮಂದಿಯ ಯಾತ್ರೆ ಇಷ್ಟರಲ್ಲಿಯೇ ಮುಗಿಯುತ್ತದೆ. ಅಂಥವರು ಗುಡಿಯನ್ನು ಕಂಡರೆಂದು ಹೇಳಬಹುದು, ಹೊಳೆಯನ್ನು ಕಂಡರೆಂದು ಹೇಳಲಾಗದು.

ಕೃಷ್ಣೆಯು ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಇಳಿದುಬರುತ್ತಾಳೆ. ಮಲಪ್ರಭೆಯ ಹುಟ್ಟು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅವಳು ಸವದತ್ತಿಯ ಸಮೀಪದ ನವಿಲುತೀರ್ಥವನ್ನು ದಾಟಿ, ಪಟ್ಟದಕಲ್ಲು ಐಹೊಳೆಗಳ ಪುರಾತನ ದೇವಾಲಯಗಳ ಮಗ್ಗುಲಲ್ಲಿ ಸಾಗಿ, ಸುಮಾರು ೩೦೦ ಕಿಲೋಮೀಟರು ನಡೆದು ಹುನಗುಂದದ ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಎರಡೂ ಸಹ್ಯಾದ್ರಿಯ ಮಳೆಯಿಂದ ಬದುಕಿದ ನದಿಗಳು. ಹುನಗುಂದದ ಸೀಮೆಯಾದರೋ ಮಳೆ ಕಡಿಮೆಯಾದ ಬಯಲು. ಎರೆಭೂಮಿ, ಜೋಳ ಕಡಲೆಗಳ ನಾಡು. ಆದಕಾರಣ ಇಲ್ಲೊಂದು ವಿಚಿತ್ರವುಂಟು: ಒಕ್ಕಲಿಗನು ಒಣಗಿದ ಹೊಲದ ಬದುವಿನ ಮೇಲೆ ನಿಂತು ಮುಗಿಲು ನೋಡುತ್ತಿರುವಾಗಲೇ ದೂರದ ಘಟ್ಟದಲ್ಲಿ ಸುರಿದ ಮಳೆಯಿಂದ ಹೊಳೆಯು ಅವನ ಕಣ್ಣೆದುರು ತುಂಬಿ ಹರಿಯುತ್ತಿರುತ್ತದೆ. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಮಲಪ್ರಭೆಯ ದಂಡೆಯವರು ಮಹಾಪೂರಕ್ಕೆ ಸಿಕ್ಕಿ ನೊಂದರು; ೨೦೧೯ರ ಪೂರವು ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನೇ ಹೊಕ್ಕಿತ್ತು.

ದಾರಿಯ ಊರುಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಇಳಕಲ್ಲಿನ ಸೀರೆಯನ್ನೂ ಅಮೀನಗಡದ ಕರದಂಟನ್ನೂ ಅರಿಯದವರಾರು? ಯಾತ್ರಿಕರ ಚೀಲಗಳೇ ಅವುಗಳ ಕೀರ್ತಿಯನ್ನು ಸಾರುತ್ತವೆ.

ಇನ್ನು ಸಂಗಮದ ಮಾತು. ಚಾಳುಕ್ಯ ಶೈಲಿಯ ಸಂಗಮೇಶ್ವರ ದೇವಾಲಯವು ದಂಡೆಯ ಮೇಲಿರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯನ್ನು ಬಿಟ್ಟು ಬಂದ ಬಸವಣ್ಣನವರು ವಿದ್ಯಾಭ್ಯಾಸ ಮಾಡಿದುದು ಇಲ್ಲಿಯೇ, ಕಲ್ಯಾಣದ ಮಹತ್ಕಾರ್ಯದ ತರುವಾಯ ಮರಳಿ ಬಂದು ಲಿಂಗೈಕ್ಯರಾದುದೂ ಇಲ್ಲಿಯೇ. ಅವರ ವಚನಗಳ ಅಂಕಿತದಲ್ಲಿ ಈ ಸ್ಥಳದ ಹೆಸರೇ ನೆಲೆಸಿರುವುದರಿಂದ, ಸಂಗಮವನ್ನು ಕಾಣದವರ ನಾಲಗೆಯ ಮೇಲೂ ಸಂಗಮವುಂಟು.

ಐಕ್ಯಸ್ಥಳವು ಈಗ ನೀರಿನ ನಡುವೆ ಇರುತ್ತದೆ. ಸುರಪುರ ಸೀಮೆಯ ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬಸವಸಾಗರವು ೧೯೮೨ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಸಂಗಮದವರೆಗೆ ಹಬ್ಬಿತು. ಐಕ್ಯಸ್ಥಳವು ಮುಳುಗದಂತೆ ಅದರ ಸುತ್ತಲೂ ಬಾವಿಯಾಕಾರದ ಗೋಡೆಯನ್ನೆತ್ತಿ, ಮೇಲಿನಿಂದ ಮೆಟ್ಟಿಲಿಳಿದು ದರ್ಶನ ಪಡೆಯುವಂತೆ ಮಾಡಲಾಯಿತು. ಜಲಾಶಯ ತುಂಬಿದ ದಿನಗಳಲ್ಲಿ ಒಳಗೆ ಇಳಿದು ನಿಂತ ಭಕ್ತನ ತಲೆಗಿಂತ ಎತ್ತರದಲ್ಲಿ, ಗೋಡೆಯ ಆಚೆ, ಹೊಳೆಯು ನಿಂತಿರುತ್ತದೆ. ಇದನ್ನು ಬಲ್ಲವನು ಮೆಟ್ಟಿಲಿಳಿಯುವಾಗ ಕೈಮುಗಿಯುವ ರೀತಿಯೇ ಬೇರೆ.

ಆದರೆ ಎಲ್ಲ ಸ್ಥಳಕ್ಕೂ ಅಂಥ ಗೋಡೆ ದೊರೆಯಲಿಲ್ಲವೆಂಬುದನ್ನು ಮರೆಯಲಾಗದು. ಸಂಗಮವಿರುವುದು ಎರಡು ಕಟ್ಟೆಗಳ ನಡುವೆ: ಕೆಳಗೆ ನಾರಾಯಣಪುರ, ಮೇಲೆ ಆಲಮಟ್ಟಿ. ಆಲಮಟ್ಟಿಯ ಅಡಿಗಲ್ಲನ್ನು ೧೯೬೪ರಲ್ಲಿ ಲಾಲ್ ಬಹಾದುರ ಶಾಸ್ತ್ರಿಗಳು ಇರಿಸಿದರು. ಅದರ ಹಿನ್ನೀರಿನಲ್ಲಿ ಘಟಪ್ರಭೆಯ ದಂಡೆಯ ಬಾಗಲಕೋಟೆಯ ಹಳೆಯ ಊರಿನ ಬಹುಭಾಗ ಮುಳುಗಿ, ಜನರು ನವನಗರಕ್ಕೆ ಬಂದು ನೆಲೆಸಬೇಕಾಯಿತು. ೨೦೧೦ರಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಲಿಯು ಆ ಜಲಾಶಯದ ಮಟ್ಟವನ್ನು ೫೧೯.೬ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸಲು ಒಪ್ಪಿಗೆಯಿತ್ತಿತು. ಕಾಗದದ ಮೇಲೆ ಇದು ಐದು ಮೀಟರಿಗೂ ಕಡಿಮೆಯ ಅಂತರ. ದಂಡೆಯ ಒಕ್ಕಲಿಗನಿಗೆ ಹಿರಿಯರ ಹೊಲ, ಗೋದಲಿ, ಗ್ರಾಮದೇವತೆಯ ಕಟ್ಟೆ.

ಹಾಗೆಂದು ಕಟ್ಟೆಗಳನ್ನು ಹಳಿಯುವುದು ಸುಲಭದ ಮಾತಾಗಿ, ನ್ಯಾಯದ ಮಾತಾಗದು. ನಾರಾಯಣಪುರದ ಎಡದಂಡೆಯ ಕಾಲುವೆಯಿಂದ ಸುರಪುರ, ಶಹಾಪುರ, ಜೇವರ್ಗಿಗಳ ಭೂಮಿ, ಬಲದಂಡೆಯ ಕಾಲುವೆಯಿಂದ ಲಿಂಗಸುಗೂರು, ದೇವದುರ್ಗಗಳ ಭೂಮಿ ನೀರು ಕಂಡಿತು. ಬರಗಾಲವನ್ನೇ ಅನ್ನವೆಂದು ಉಂಡ ಸೀಮೆಗೆ ಅದೇನು ಅಲ್ಪ ಉಪಕಾರವೇ? ಒಬ್ಬರ ಹೊಲ ಮುಳುಗಿ ಇನ್ನೊಬ್ಬರ ಹೊಲ ನೆನೆಯಿತು. ಈ ಕೊಟ್ಟವರ ಹೆಸರನ್ನು ಉಂಡವರು ಅರಿತಿರುವರೇ ಎಂಬುದೊಂದೇ ಪ್ರಶ್ನೆ. ಸಂಗಮದ ವಿಶಾಲವಾದ ನೀರನ್ನು ನೋಡಿ ಹಿಗ್ಗುವ ಯಾತ್ರಿಕನು, ಆ ನೀರಿನ ತಳದಲ್ಲಿ ಉತ್ತ ಭೂಮಿಯಿದೆಯೆಂದು ತಿಳಿದು ಹಿಗ್ಗತಕ್ಕದ್ದು.

ಮಲಪ್ರಭೆಯ ವಿಷಯವಾಗಿಯೂ ಒಂದು ಮಾತು. ಅವಳ ನೀರು ಬಹುಪಾಲು ನವಿಲುತೀರ್ಥದ ಕಟ್ಟೆಯಲ್ಲಿಯೇ ಕಾಲುವೆಗಳ ಪಾಲಾಗುವುದರಿಂದ, ಬೇಸಗೆಯಲ್ಲಿ ಕೆಳಗಿನ ಪಾತ್ರವು ಬಡವಾಗಿರುತ್ತದೆ. ಆಗ ಸಂಗಮದಲ್ಲಿ ಕಾಣುವುದು ಮಲಪ್ರಭೆಯು ಕೃಷ್ಣೆಗೆ ಬಂದ ನೋಟವಲ್ಲ, ಕೃಷ್ಣೆಯ ನಿಂತ ನೀರೇ ಮಲಪ್ರಭೆಯ ಮನೆಗೆ ಹೋದ ನೋಟ.

ಎದುರುದಂಡೆಯನ್ನು ಮರೆತು ಬರುವುದು ಯಾತ್ರಿಕರ ದೊಡ್ಡ ಲೋಪ. ಕೃಷ್ಣೆಯ ಆಚೆ ಮುದ್ದೇಬಿಹಾಳ ಸೀಮೆಯ ತಂಗಡಗಿಯಲ್ಲಿ ನೀಲಮ್ಮನವರ ಐಕ್ಯಸ್ಥಳವುಂಟು. ಬಸವಣ್ಣನವರ ಕರೆಯಂತೆ ಹಡಪದ ಅಪ್ಪಣ್ಣನವರೊಡನೆ ಕಲ್ಯಾಣದಿಂದ ಹೊರಟ ಆ ತಾಯಿಗೆ ಅಲ್ಲಿ ಬಸವಣ್ಣನವರ ಐಕ್ಯದ ವಾರ್ತೆ ಮುಟ್ಟಿತೆಂದೂ, ಅವರು ಹೊಳೆಯನ್ನು ದಾಟಬಯಸದೆ ಆ ದಂಡೆಯಲ್ಲಿಯೇ ಐಕ್ಯರಾದರೆಂದೂ ಪರಂಪರೆಯು ಹೇಳುತ್ತದೆ. ಸಾವಿರಾರು ಜನರು ಈಚೆಯ ದಂಡೆಯಲ್ಲಿ ನೆರೆಯುವ ದಿನ ಆಚೆಯ ದಂಡೆಯತ್ತ ಕಣ್ಣೆತ್ತುವವರು ಎಷ್ಟು ಮಂದಿ?

ಹೋಗುವವರು ಎರಡು ಋತುಗಳಲ್ಲಿ ಹೋಗುವುದು ಒಳ್ಳಿತು. ಶ್ರಾವಣ ಭಾದ್ರಪದಗಳಲ್ಲಿ ಹೊಳೆಯ ವೈಭವ ಕಾಣುತ್ತದೆ. ಬೇಸಗೆಯಲ್ಲಿ ಜಲಾಶಯ ಇಳಿದಾಗ ಅಂಚಿನ ನೆಲವು ಬಿರಿದು ಮೇಲೆದ್ದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ೧೯೮೨ರಲ್ಲಿ ಪ್ರಾಯದವರಾಗಿದ್ದವರು ಈಗ ಅರವತ್ತನ್ನು ದಾಟಿದ್ದಾರೆ. ದಂಡೆಯ ಹಳ್ಳಿಗಳ ಕಟ್ಟೆಗಳ ಮೇಲೆ ಅಂಥ ಹಿರಿಯರು ಇನ್ನೂ ಸಿಗುತ್ತಾರೆ. ನೀರು ಬರುವ ಮುನ್ನ ಹೊಳೆಯ ಅಂಚು ಎಲ್ಲಿತ್ತು, ಯಾವ ಹೊಲ ಯಾರದಿತ್ತು, ತಂಗಡಗಿಗೆ ಯಾವ ಕಡವಿನಿಂದ ದಾಟುತ್ತಿದ್ದರು ಎಂದು ಅವರನ್ನು ಕೇಳಿ, ಅವರು ಹೇಳಿದುದನ್ನು ಊರಿನ ಹೆಸರುಸಹಿತ ಬರೆದಿಟ್ಟುಕೊಂಡು ಬರತಕ್ಕದ್ದು.