ಆರಿದ ಹುಲ್ಲಿಗೇ ಬಣವೆ
(ಹಾಲು ಉತ್ಪಾದಕರ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಹಿಂಡಿ, ಬೂಸಾ ವಿಚಾರ ಹೇಳಲು ನಿಂತಿಲ್ಲ. ನಮ್ಮ ಹಿತ್ತಿಲ ಬಣವೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಬೇಸಿಗೆಯಲ್ಲಿ ಹಸಿರು ಮೇವು ಬತ್ತಿದಾಗ ರಾಸುಗಳ ಹೊಟ್ಟೆ ತುಂಬಿಸುವುದು ಅದೇ. ಅದು ಕೆಟ್ಟರೆ ಹಾಲಿನ ಬಟವಾಡೆಯೆಲ್ಲ ಹುಲ್ಲು ಕೊಳ್ಳುವುದಕ್ಕೇ ಸರಿಹೋಗುತ್ತದೆ.

ನಮ್ಮ ಹಿರಿಯರು ರಾಗಿ ಕೊಯ್ದ ದಿನವೇ ಮೆದೆ ಒಟ್ಟುತ್ತಿರಲಿಲ್ಲ. ಕೊಯ್ದ ಪೈರನ್ನು ಅರಿ ಅರಿಯಾಗಿ ಹೊಲದಲ್ಲೇ ಹರಡಿ ನಾಲ್ಕಾರು ದಿನ ಬಿಸಿಲಿಗೆ ಬಿಡುತ್ತಿದ್ದರು. ಆಮೇಲೆ ಸಿವುಡು ಕಟ್ಟಿ, ತೆನೆ ಒಳಗೆ, ಬುಡ ಹೊರಗೆ ಬರುವಂತೆ ಸಣ್ಣ ಗುಪ್ಪೆ ಹಾಕುತ್ತಿದ್ದರು. ನೀರಿನಂಶ ಹೆಚ್ಚಾಗಿ ಉಳಿಯುವುದು ದಪ್ಪನೆಯ ಬುಡದಲ್ಲಿ. ಅದು ಗಾಳಿಗೆ ಮುಖ ಮಾಡಿದರೆ ಬೇಗ ಆರುತ್ತದೆ. ತೆನೆಯೂ ಮಳೆಗೆ ನೆನೆಯುವುದಿಲ್ಲ. ಗುಪ್ಪೆ ಆರಿದ ಮೇಲೆ ಕಣದಲ್ಲಿ ಮೆದೆ, ಒಕ್ಕಣೆಯಾದ ಮೇಲೆ ಹುಲ್ಲಿನ ಬಣವೆ. ಬಣವೆಗೆ ನೀರು ನಿಲ್ಲದ ಎತ್ತರದ ಜಾಗ, ಅಡಿಗೆ ಕಲ್ಲು ಮತ್ತು ಕೊಂಬೆ, ನೆತ್ತಿ ಗುಡಿಸಲಿನಂತೆ ಇಳಿಜಾರು. ಇದರಲ್ಲಿ ಯಾವುದೂ ಅಂದಕ್ಕಾಗಿ ಮಾಡಿದ್ದಲ್ಲ.

ಹಸಿ ಹುಲ್ಲನ್ನು ಒತ್ತಿ ಒಟ್ಟಿದರೆ ಸೂಕ್ಷ್ಮಜೀವಿಗಳು ಬೆಳೆದು ಶಾಖ ಹುಟ್ಟುತ್ತದೆ. ಶಾಖ ಹೊರಹೋಗಲು ದಾರಿಯಿಲ್ಲದೆ ಬಣವೆ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಬೆಂಕಿ ಬೀಳದಿದ್ದರೂ ಬೂಷ್ಟು ತಪ್ಪದು. ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದ ಎಮ್ಮೆಗಳಿಗೆ ಕಿವಿ, ಬಾಲದ ತುದಿ, ಕಾಲು ಕೊಳೆಯುವ ಡೆಗ್ನಾಲಾ ರೋಗ ಬರುತ್ತದೆ. ಹಿಂಡಿಯಾಗಲಿ ಮೇವಾಗಲಿ, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷವಿದ್ದರೆ ಅದರ ಅಂಶ ಹಾಲಿಗೂ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ.

ನಮ್ಮ ಮನೆಯಲ್ಲೇ ಒಂದು ವರ್ಷ ಮೋಡ ಕಂಡು ಹೆದರಿ, ಆರದ ಹುಲ್ಲನ್ನೇ ಒಟ್ಟಿದೆವು. ಯುಗಾದಿಯ ಹೊತ್ತಿಗೆ ಬಣವೆ ಕಿತ್ತರೆ ನಡುಭಾಗವೆಲ್ಲ ಕಪ್ಪು. ಹಸು ಮೂಸಿ ನೋಡಿ ಮುಖ ತಿರುಗಿಸಿತು. ಅದೆಲ್ಲ ತಿಪ್ಪೆಗೆ ಹೋಯಿತು.

ಈಗ ಕೊಯ್ಲಿನ ಯಂತ್ರ ಬಂದಿದೆ, ಹುಲ್ಲನ್ನು ಪೆಂಡಿ ಕಟ್ಟುವ ಯಂತ್ರವೂ ಬಂದಿದೆ. ಆಳು ಸಿಗದ ಕಾಲದಲ್ಲಿ ಅವು ಬೇಕು. ಆದರೆ ಯಂತ್ರ ಬಂದ ದಿನವೇ ಪೆಂಡಿ ಕಟ್ಟಿಸುವ ಆತುರ ಬೇಡ. ಹುಲ್ಲನ್ನು ತಿರುವಿ ಹಾಕಿ, ಆರಿದ ಮೇಲೆ ಕಟ್ಟಿಸಿ. ನೂರು ಕಿಲೋ ಹುಲ್ಲಿನಲ್ಲಿ ನೀರಿನಂಶ 15 ಕಿಲೋ ಮೀರದಿದ್ದರೆ ಕ್ಷೇಮ. ಇದಕ್ಕೆ ಉಪಕರಣ ಬೇಕಿಲ್ಲ. ಒಂದು ಹಿಡಿ ಹುಲ್ಲನ್ನು ಬುಡದ ಕಡೆಯಿಂದ ಹಿಡಿದು ತಿರುಚಿ. ಲಟಕ್ಕನೆ ಮುರಿದರೆ ಆರಿದೆ, ಬಳುಕಿದರೆ ಇನ್ನೂ ಹಸಿ. ಸಿವುಡಾದರೆ ಕಟ್ಟಿನ ಒಳಗೂ ಕೈಯಿಟ್ಟು ನೋಡಿ.

ಬಣವೆ ಒಟ್ಟಿದ ಮೊದಲ ಕೆಲವು ವಾರ ಆಗಾಗ ಕಬ್ಬಿಣದ ಸರಳನ್ನು ಒಳಕ್ಕೆ ಚುಚ್ಚಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಎಳೆದು ಮುಟ್ಟಿ. ಬೆಚ್ಚಗಿದ್ದರೆ ಬಣವೆ ಬಿಚ್ಚಿ ಆರಿಸಿ. ಕೈ ಸುಡುವಷ್ಟಿದ್ದರೆ ಒಬ್ಬರೇ ಕೀಳಬೇಡಿ. ಗಾಳಿ ತಗುಲಿದೊಡನೆ ಉರಿ ಏಳಬಹುದು. ನೀರು ಸಿದ್ಧವಿಟ್ಟುಕೊಂಡು, ಜನ ಸೇರಿಸಿ, ಅಗ್ನಿಶಾಮಕ ದಳಕ್ಕೂ ತಿಳಿಸಿ.

ಈ ಸುಗ್ಗಿಯಲ್ಲಿ ಹುಲ್ಲು ಮೇಲೇರಿಸುವ ಮುನ್ನ ಒಂದು ಹಿಡಿ ತಿರುಚಿ ನೋಡಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.